ಮೂರು ದಿನ ಹುಡುಕಿದ ತಂದೆತಾಯಿ

(ಪವಿತ್ರ ಕುಟುಂಬದ ಹಬ್ಬದ ಪ್ರಬೋಧನೆ)



ಕ್ರಿಸ್ತಜಯಂತಿಯ ಗೋದಲಿ ಇನ್ನೂ ನಮ್ಮ ದೇವಾಲಯದಲ್ಲಿದೆ. ಹುಲ್ಲಿನ ಮೇಲೆ ಮಲಗಿರುವ ಬಾಲಯೇಸುವನ್ನು ನೋಡಿ ಕೈಮುಗಿಯುತ್ತಿದ್ದೇವೆ. ಆ ಪುಟ್ಟ ಕೂಸು ಅಳುವುದೂ ಇಲ್ಲ, ಹಟ ಮಾಡುವುದೂ ಇಲ್ಲ. ಆದ್ದರಿಂದಲೇ ಏನೋ, ಪವಿತ್ರ ಕುಟುಂಬ ಎಂದೊಡನೆ ಯಾವ ತೊಂದರೆಯೂ ಇಲ್ಲದ, ಮಕ್ಕಳು ಹೇಳಿದ ಮಾತು ಕೇಳುವ ಮನೆಯೊಂದನ್ನು ನಾವು ಮನಸ್ಸಿನಲ್ಲಿ ಚಿತ್ರಿಸಿಕೊಳ್ಳುತ್ತೇವೆ. ಆದರೆ ಈ ಹಬ್ಬದಂದು ಮೂರು ವರ್ಷಗಳಿಗೊಮ್ಮೆ ಧರ್ಮಸಭೆ ನಮಗೆ ಓದಿ ಹೇಳುವ ಶುಭಸಂದೇಶ ಬೇರೆಯೇ ಇದೆ. ಸಂತ ಲೂಕರು ಎರಡನೆಯ ಅಧ್ಯಾಯದ ಕೊನೆಯಲ್ಲಿ ಬರೆದಿರುವ ಆ ಘಟನೆ, ಮಗ ಕಳೆದುಹೋದ ಘಟನೆ. ಇಂದು ಅದನ್ನೇ ಧ್ಯಾನಿಸೋಣ.

ಪಾಸ್ಕಹಬ್ಬಕ್ಕೆಂದು ಜೆರುಸಲೇಮಿಗೆ ಹೋಗಿದ್ದ ಕುಟುಂಬ ಊರಿಗೆ ಮರಳುತ್ತಿದೆ. ಯೇಸುವಿಗೆ ಹನ್ನೆರಡು ವರ್ಷ. ಒಂದು ಇಡೀ ದಿನದ ಪ್ರಯಾಣ ಮುಗಿಯುವವರೆಗೂ ಮಗ ತಮ್ಮ ಜೊತೆಗಿಲ್ಲ ಎಂಬುದು ತಂದೆತಾಯಿಗೆ ಗೊತ್ತಾಗುವುದಿಲ್ಲ. ನಮ್ಮ ಹಳ್ಳಿಗಳಿಂದ ಜಾತ್ರೆಗೆ ಗುಂಪುಗುಂಪಾಗಿ ಹೋಗಿ ಬಂದವರಿಗೆ ಇದು ಹೇಗಾಯಿತೆಂದು ವಿವರಿಸಬೇಕಾಗಿಲ್ಲ. ಅಪ್ಪನ ಜೊತೆ ಇರಬಹುದು ಎಂದು ಅಮ್ಮ, ಅಮ್ಮನ ಜೊತೆ ಇರಬಹುದು ಎಂದು ಅಪ್ಪ. ಇಬ್ಬರೂ ಒಳ್ಳೆಯವರೇ. ಇಬ್ಬರಿಗೂ ಮಗನೆಂದರೆ ಪ್ರಾಣ. ಆದರೂ ಮಗ ಎಲ್ಲಿದ್ದಾನೆಂಬುದು ಇಬ್ಬರಿಗೂ ತಿಳಿದಿರಲಿಲ್ಲ. 'ಇದ್ದಾನೆ' ಎಂದುಕೊಂಡಿದ್ದರು, ಅಷ್ಟೇ.

ಪ್ರಿಯ ತಂದೆತಾಯಿಗಳೇ, ನಮ್ಮ ಮನೆಗಳಲ್ಲಿಯೂ ಮಗ ಅಥವಾ ಮಗಳು 'ಇದ್ದಾರೆ'. ಬೆಳಿಗ್ಗೆ ಟ್ಯೂಷನ್ನಿಗೆ ಹೋಗುತ್ತಾರೆ, ಸಂಜೆ ಬರುತ್ತಾರೆ, ಉಣ್ಣುತ್ತಾರೆ, ಮಲಗುತ್ತಾರೆ. ತಿಂಗಳ ಪರೀಕ್ಷೆಯ ಅಂಕ ಎಷ್ಟೆಂದು ಕೇಳಿದರೆ ಥಟ್ಟನೆ ಹೇಳುತ್ತೀರಿ. ಗಣಿತದಲ್ಲಿ ಇಷ್ಟು, ವಿಜ್ಞಾನದಲ್ಲಿ ಇಷ್ಟು. ಆದರೆ ನಿಮ್ಮ ಮಗನಿಗೆ ಯಾವುದರ ಭಯ, ನಿಮ್ಮ ಮಗಳು ಒಬ್ಬಳೇ ಇದ್ದಾಗ ಏನು ಮಾಡುತ್ತಾಳೆ ಎಂದು ಕೇಳಿದರೆ ಎಷ್ಟು ಜನ ಉತ್ತರ ಹೇಳಬಲ್ಲಿರಿ? ಇದು ದೂರು ಅಲ್ಲ. ಈ ತಪ್ಪನ್ನು ನಾನೇ ಮಾಡಿದ್ದೇನೆ, ಅದೂ ಬಲಿಪೀಠದ ಪಕ್ಕದಲ್ಲಿ ನಿಂತು. ಅದನ್ನು ಇಂದು ಹೇಳಬೇಕೆಂದುಕೊಂಡಿದ್ದೇನೆ.

ನಾನು ಹಿಂದೆ ಸೇವೆ ಸಲ್ಲಿಸಿದ ಒಂದು ಧರ್ಮಕೇಂದ್ರದಲ್ಲಿ ಪ್ರತಿ ಜೂನ್ ತಿಂಗಳು ಪ್ರತಿಭಾ ಪುರಸ್ಕಾರ ನಡೆಯುತ್ತಿತ್ತು. ಎಸ್.ಎಸ್.ಎಲ್.ಸಿ.ಯಲ್ಲಿ ಶೇಕಡ 85ಕ್ಕಿಂತ ಹೆಚ್ಚು ಅಂಕ ಪಡೆದ ಮಕ್ಕಳಿಗೆ ಶಾಲು, ಒಂದು ಫಲಕ, ಜೊತೆಗೊಂದು ಪೆನ್ನು. ಭಾನುವಾರದ ಬಲಿಪೂಜೆ ಮುಗಿದ ಕೂಡಲೇ ನಾನೇ ಮೈಕಿನಲ್ಲಿ ಹೆಸರುಗಳನ್ನೂ ಅಂಕಗಳನ್ನೂ ಓದಿದೆ. ಜನ ಚಪ್ಪಾಳೆ ತಟ್ಟಿದರು. ಆ ಉತ್ಸಾಹದಲ್ಲಿ, ಬರೆದುಕೊಳ್ಳದೆ ಇದ್ದ ಒಂದು ಮಾತನ್ನೂ ಸೇರಿಸಿಬಿಟ್ಟೆ: "ಉಳಿದವರು ಇನ್ನಾದರೂ ಮೊಬೈಲ್ ಕೆಳಗಿಟ್ಟು ಪುಸ್ತಕ ಹಿಡಿದರೆ ಒಳ್ಳೆಯದು." ಎಲ್ಲರೂ ನಕ್ಕರು. ನಾನೂ ನಕ್ಕೆ.

ನಗದೆ ಇದ್ದವನು ಒಬ್ಬನಿದ್ದ. ಪೀಠಸೇವಕನಾಗಿದ್ದ ಹುಡುಗ. ಅವನಿಗೆ 625ಕ್ಕೆ 291 ಅಂಕ ಬಂದಿತ್ತು. ಪಾಸಾಗಿದ್ದ, ಅಷ್ಟೆ. ಮುಂದಿನ ಭಾನುವಾರ ಅವನು ಬರಲಿಲ್ಲ. ಅದರ ಮುಂದಿನ ಭಾನುವಾರವೂ ಬರಲಿಲ್ಲ. ನಾನು ಗಮನಿಸಿದೆನೇ? ಇಲ್ಲ. ಮೂರು ವಾರಗಳಾದ ಮೇಲೆ ಅವನ ತಾಯಿ ಗುರುನಿಲಯದ ಬಾಗಿಲಿಗೆ ಬಂದು, "ಫಾದರ್, ಅವನು ಮನೇಲಿ ಮಾತೇ ಆಡ್ತಿಲ್ಲ. ಊಟ ಇಟ್ಟರೆ ಅರ್ಧ ತಿಂದು ಎದ್ದು ಹೋಗ್ತಾನೆ. ನೀವಾದರೂ ಒಂದು ಮಾತು ಕೇಳಿ" ಎಂದು ಅತ್ತಾಗಲೇ ನನಗೆ ಅವನ ನೆನಪಾದದ್ದು. ಒಂದು ದಿನದ ಪ್ರಯಾಣವಲ್ಲ, ಮೂರು ವಾರಗಳ ಪ್ರಯಾಣ ಮಾಡಿಬಿಟ್ಟಿದ್ದೆ, ಕುರಿ ಮಂದೆಯಲ್ಲೇ ಇದೆ ಎಂದುಕೊಂಡು.

ಹುಡುಕಿಕೊಂಡು ಹೋದೆ. ಮನೆಯಲ್ಲಿರಲಿಲ್ಲ. ಆಟದ ಬಯಲಿನಲ್ಲಿಯೂ ಇರಲಿಲ್ಲ. ಕೊನೆಗೆ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ, ಪಂಪ್‌ಸೆಟ್ಟಿನ ಮೋಟಾರುಗಳಿಗೆ ವೈಂಡಿಂಗ್ ಮಾಡುವ ಒಂದು ಸಣ್ಣ ಅಂಗಡಿಯಲ್ಲಿ ಸಿಕ್ಕಿದ. ನೆಲದ ಮೇಲೆ ಕುಳಿತು ಸುಟ್ಟುಹೋದ ಮೋಟಾರಿನಿಂದ ತಾಮ್ರದ ತಂತಿ ಬಿಚ್ಚುತ್ತಿದ್ದ. ನನ್ನನ್ನು ನೋಡಿ ಎದ್ದು ನಿಂತ. ಏನು ಮಾತನಾಡಬೇಕೋ ನನಗೆ ತಿಳಿಯಲಿಲ್ಲ. "ಇದೇನು ಮಾಡ್ತಿದ್ದೀಯ?" ಎಂದೆ. ಮೂರು ವಾರ ಮಾತನಾಡದಿದ್ದ ಹುಡುಗ ಮಾತನಾಡತೊಡಗಿದ. ಹಳೆಯ ಸುರುಳಿಯನ್ನು ಬಿಚ್ಚುವಾಗ ಸುತ್ತುಗಳನ್ನು ಎಣಿಸಿ ಬರೆದಿಟ್ಟುಕೊಳ್ಳಬೇಕು, ತಂತಿಯ ದಪ್ಪ ಅಳೆಯಬೇಕು, ಹೊಸದನ್ನು ಅಷ್ಟೇ ಸುತ್ತು ಸುತ್ತಬೇಕು, ಲೆಕ್ಕ ತಪ್ಪಿದರೆ ಮೋಟಾರು ಬಿಸಿಯಾಗಿ ಮತ್ತೆ ಸುಟ್ಟುಹೋಗುತ್ತದೆ. ಗಣಿತದಲ್ಲಿ ಕಷ್ಟಪಟ್ಟು ಪಾಸಾದ ಹುಡುಗ ನನಗೆ ಲೆಕ್ಕ ಹೇಳಿಕೊಡುತ್ತಿದ್ದ! ಅಂಗಡಿಯ ಹಿರಿಯರು ನಗುತ್ತಾ, "ನೋಡಿ ಫಾದರ್, ಈ ಹುಡುಗ ದಿನಾ ನನ್ನ ತಲೆ ತಿಂತಾನೆ. ಇದು ಯಾಕೆ ಹೀಗೆ, ಅದು ಯಾಕೆ ಹಾಗೆ ಅಂತ ಕೇಳ್ತಾನೇ ಇರ್ತಾನೆ" ಎಂದರು.

ಆಗ ನನಗೆ ಈ ಶುಭಸಂದೇಶ ನೆನಪಾಯಿತು. ಮೂರು ದಿನಗಳ ಮೇಲೆ ಮರಿಯಮ್ಮನವರಿಗೂ ಜೋಸೆಫರಿಗೂ ಮಗ ಸಿಕ್ಕಿದ್ದು ಬಂಧುಬಳಗದ ನಡುವೆ ಅಲ್ಲ, ಮಹಾದೇವಾಲಯದಲ್ಲಿ. ಬೋಧಕರ ನಡುವೆ ಕುಳಿತು ಅವರ ಮಾತನ್ನು ಆಲಿಸುತ್ತಿದ್ದ, ಅವರಿಗೆ ಪ್ರಶ್ನೆಗಳನ್ನು ಕೇಳುತ್ತಿದ್ದ. ಅವನ ಉತ್ತರಗಳನ್ನು ಕಂಡು ಜನ ಬೆರಗಾದರು ಎಂದೂ ಲೂಕರು ಬರೆಯುತ್ತಾರೆ, ನಿಜ. ಆದರೆ ಮೊದಲು ಬರುವುದು ಆಲಿಸುವುದು, ಆಮೇಲೆ ಕೇಳುವುದು. ನಮ್ಮ ಪರೀಕ್ಷೆಗಳು ಮಗು ಕೊಡುವ ಉತ್ತರವನ್ನು ಅಳೆಯುತ್ತವೆ. ಮಗು ಕೇಳುವ ಪ್ರಶ್ನೆಯನ್ನು ಅಳೆಯುವ ಪರೀಕ್ಷೆಯನ್ನು ನಾನಂತೂ ಕಂಡಿಲ್ಲ. ಯಾವ ಪ್ರಶ್ನೆಯನ್ನು ನಿಮ್ಮ ಮಗು ಮತ್ತೆ ಮತ್ತೆ ಕೇಳುತ್ತದೋ, ಅಲ್ಲಿಯೇ ಎಲ್ಲೋ ಆ ಮಗು ಇದೆ. ಹುಡುಕುವುದಾದರೆ ಅಲ್ಲಿ ಹುಡುಕಬೇಕು.

ಆ ದಿನ ನಾನು ಅವನಲ್ಲಿ ಕ್ಷಮೆ ಕೇಳಿದೆ. ಅವನು ತಲೆ ತಗ್ಗಿಸಿ ಸ್ವಲ್ಪ ಹೊತ್ತು ಸುಮ್ಮನಿದ್ದು, "ಬಿಡಿ ಫಾದರ್. ಅವತ್ತು ಮೈಕ್ ಹಿಂದಿನ ಬೆಂಚಿನವರೆಗೂ ಕೇಳಿಸ್ತಿತ್ತಾ?" ಎಂದ. ಹಿಂದಿನ ದಿನ ರಾತ್ರಿ ಕೆಟ್ಟಿದ್ದ ಆ ಮೈಕನ್ನು ರಿಪೇರಿ ಮಾಡಿದ್ದವನು ಅವನೇ ಎಂದು ನನಗೆ ಆಗ ಗೊತ್ತಾಯಿತು. ಕೇಳಿಸಿತ್ತು, ಚೆನ್ನಾಗಿಯೇ ಕೇಳಿಸಿತ್ತು.

ಈ ಹುಡುಗ ಮುಂದೆ ದೊಡ್ಡ ಮನುಷ್ಯನಾದ ಎಂದು ಹೇಳಿ ಕಥೆ ಮುಗಿಸುವ ಆಸೆ ನನಗೂ ಇದೆ. ಪ್ರಬೋಧನೆಯ ಕಥೆಗಳು ಸಾಮಾನ್ಯವಾಗಿ ಹಾಗೆಯೇ ಮುಗಿಯುತ್ತವೆ. ಅವನು ಐ.ಟಿ.ಐ. ಸೇರಿದ, ಒಂದು ವಿಷಯ ಬಾಕಿ ಉಳಿಸಿಕೊಂಡ, ಮತ್ತೆ ಬರೆದು ಮುಗಿಸಿದ. ಈಗ ದುಡಿಯುತ್ತಿದ್ದಾನೆ. ತಾಯಿಯ ಜೊತೆ ಮಾತನಾಡುತ್ತಾನೆ. ಇಷ್ಟು ನನಗೆ ಗೊತ್ತು. ಇದನ್ನು ಹೇಳಲು ಅವನ ಒಪ್ಪಿಗೆಯನ್ನೂ ಪಡೆದಿದ್ದೇನೆ.

ಕಡಿಮೆ ಅಂಕದವರ ಗೋಳು ಮಾತ್ರ ಇದು ಎಂದು ತಿಳಿಯಬೇಡಿ. ಅದೇ ಧರ್ಮಕೇಂದ್ರದಲ್ಲಿ ಮತ್ತೊಂದು ವರ್ಷ 611 ಅಂಕ ಪಡೆದ ಹುಡುಗಿಯೊಬ್ಬಳು ಕಾಲೇಜು ಪ್ರವೇಶಕ್ಕೆ ಬೇಕಾದ ಜ್ಞಾನಸ್ನಾನದ ಪತ್ರಕ್ಕಾಗಿ ತಂದೆಯ ಜೊತೆ ಬಂದಿದ್ದಳು. ಆ ತಂದೆ ಹಗಲು ಆಟೋ ಓಡಿಸಿ ರಾತ್ರಿ ಕಾವಲು ಕೆಲಸ ಮಾಡುತ್ತಿದ್ದವರು. ಮಗಳಿಗಾಗಿ ಎಲ್ಲವನ್ನೂ ಕೊಟ್ಟವರು. "ಸೈನ್ಸ್ ಫಾದರ್, ಆಮೇಲೆ ನೀಟ್" ಎಂದರು ಹೆಮ್ಮೆಯಿಂದ. ನಾನು ಪತ್ರ ಬರೆಯುತ್ತಾ, "ನಿನಗೆ ಏನು ಇಷ್ಟ ಮಗಳೇ?" ಎಂದು ಕೇಳಿದೆ. ಅವಳು ತಂದೆಯ ಮುಖ ನೋಡಿದಳು. ಆಮೇಲೆ ನನ್ನ ಕಡೆ ತಿರುಗಿ, "ಗೊತ್ತಿಲ್ಲ ಫಾದರ್. ಯಾರೂ ಕೇಳಿರಲಿಲ್ಲ" ಎಂದಳು. ದುಃಖದಿಂದ ಹೇಳಿದ್ದಲ್ಲ. ತನ್ನ ಬಗ್ಗೆಯೇ ತನಗೆ ಆಶ್ಚರ್ಯವಾದಂತೆ ಹೇಳಿದಳು. ಆ ತಂದೆಯ ಕೈಯಲ್ಲಿದ್ದ ಕಡತ ನಿಧಾನವಾಗಿ ಮೇಜಿನ ಮೇಲೆ ಇಳಿಯಿತು. 291 ಅಂಕ ಒಬ್ಬನನ್ನು ಮರೆಮಾಡಿತ್ತು. 611 ಅಂಕ ಇನ್ನೊಬ್ಬಳನ್ನು ಅದಕ್ಕಿಂತ ಚೆನ್ನಾಗಿ ಮರೆಮಾಡಿತ್ತು.

ಇದು ಸಣ್ಣ ವಿಷಯವಲ್ಲ. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋದ ಪ್ರಕಾರ 2022ರ ಒಂದೇ ವರ್ಷದಲ್ಲಿ ನಮ್ಮ ದೇಶದಲ್ಲಿ 13,000ಕ್ಕೂ ಹೆಚ್ಚು ವಿದ್ಯಾರ್ಥಿಗಳು ತಮ್ಮ ಜೀವವನ್ನು ತಾವೇ ಕಳೆದುಕೊಂಡರು. ಎಲ್ಲರೂ ಪರೀಕ್ಷೆಯ ಕಾರಣದಿಂದಲ್ಲ, ಒಂದೊಂದು ಸಾವಿನ ಹಿಂದೆಯೂ ಹಲವು ನೋವುಗಳಿರುತ್ತವೆ. ಆದರೆ ಫಲಿತಾಂಶದ ದಿನ ನಮ್ಮ ಮನೆಗಳಲ್ಲಿ ಆಡುವ ಮಾತುಗಳನ್ನು ಈ ಸಂಖ್ಯೆಯನ್ನು ನೆನೆದು ಆಡಬೇಕು. ಮಕ್ಕಳೇ, ಮನಸ್ಸು ತೀರಾ ಕುಗ್ಗಿದಾಗ ಯಾರಿಗೂ ಹೇಳಲಾಗದಿದ್ದರೆ ಟೆಲಿ ಮಾನಸ್ ಎಂಬ ಸರ್ಕಾರಿ ಸಹಾಯವಾಣಿ ಇದೆ, 14416. ಕನ್ನಡದಲ್ಲಿಯೇ ಮಾತನಾಡಬಹುದು, ಹಣ ಕೊಡಬೇಕಾಗಿಲ್ಲ. ಗುರುನಿಲಯದ ಬಾಗಿಲನ್ನೂ ಯಾವ ಹೊತ್ತಿನಲ್ಲಾದರೂ ತಟ್ಟಬಹುದು. ನಾನು ಬೈಯುವುದಿಲ್ಲ.

ಹಾಗಾದರೆ ಒಬ್ಬ ಯುವಕ ಅಥವಾ ಯುವತಿ ತಾನು ಯಾರೆಂದು ತಿಳಿದುಕೊಳ್ಳುವುದು ಹೇಗೆ? ಗುರುಮಠದಲ್ಲಿ ನಮಗೆ ಕಲಿಸಿದ ಒಂದು ವಿಷಯವನ್ನು ಇಲ್ಲಿ ಹೇಳುತ್ತೇನೆ. 1521ರಲ್ಲಿ ಸ್ಪೇನಿನ ಪಾಂಪ್ಲೋನಾ ಕೋಟೆಯ ಕಾಳಗದಲ್ಲಿ ಫಿರಂಗಿಗುಂಡು ಬಡಿದು ಇಗ್ನಾಸಿಯವರ ಕಾಲು ಮುರಿಯಿತು. ಮೂವತ್ತರ ಆಸುಪಾಸಿನ ವಯಸ್ಸು. ತಿಂಗಳುಗಟ್ಟಲೆ ಹಾಸಿಗೆಯಲ್ಲಿ ಮಲಗಿರಬೇಕಾಯಿತು. ಓದಲು ವೀರರ ಕಥೆಗಳನ್ನು ಕೇಳಿದರು. ಮನೆಯಲ್ಲಿ ಅವು ಇರಲಿಲ್ಲ. ಕ್ರಿಸ್ತನ ಜೀವನಚರಿತ್ರೆ, ಸಂತರ ಚರಿತ್ರೆ ಇವೆರಡೇ ಸಿಕ್ಕಿದವು. ಮಲಗಿದ್ದಲ್ಲೇ ಅವರು ಎರಡು ಬಗೆಯ ಕನಸು ಕಾಣುತ್ತಿದ್ದರು. ಕತ್ತಿ ಹಿಡಿದು ಸಾಹಸ ಮಾಡಿ ದೊಡ್ಡ ಮನೆತನದ ಹೆಣ್ಣಿನ ಮನಸ್ಸು ಗೆಲ್ಲುವ ಕನಸು ಒಂದು. ಸಂತರಂತೆ ಬಾಳುವ ಕನಸು ಇನ್ನೊಂದು. ಕಾಣುವಾಗ ಎರಡೂ ಸವಿಯೇ. ಆದರೆ ಕನಸು ಮುಗಿದ ಮೇಲೆ ಮೊದಲನೆಯದು ಮನಸ್ಸನ್ನು ಬರಿದು ಮಾಡಿಬಿಡುತ್ತಿತ್ತು. ಎರಡನೆಯದರ ಸಂತೋಷ ಮಾತ್ರ ಬಹಳ ಹೊತ್ತು ಉಳಿಯುತ್ತಿತ್ತು. ಈ ಸಣ್ಣ ವ್ಯತ್ಯಾಸವನ್ನು ಅವರು ಗಮನಿಸಿದರು. ಅವರ ಮುಂದಿನ ಜೀವನವೆಲ್ಲ ಆ ಗಮನಿಸುವಿಕೆಯಿಂದ ಹುಟ್ಟಿತು. ಯಾರೂ ಅವರಿಗೆ ಪರೀಕ್ಷೆ ಇಟ್ಟಿರಲಿಲ್ಲ. ಸುಮ್ಮನೆ ಮಲಗಿರಬೇಕಾದ ಕಾಲ ಒಂದು ಸಿಕ್ಕಿತ್ತು. ನಮ್ಮ ಮಕ್ಕಳಿಗೆ ನಾವು ಕೊಡದೇ ಇರುವುದು ಇದನ್ನೇ.

ಯುವಜನರೇ, ಇದನ್ನು ನೀವೂ ಮಾಡಬಹುದು. ರಾತ್ರಿ ಮಲಗುವ ಮುನ್ನ ಐದು ನಿಮಿಷ ಸಾಕು. ಮೊಬೈಲನ್ನು ಬೇರೆ ಕೋಣೆಯಲ್ಲಿಡಿ. ಇಂದು ಯಾವ ಕೆಲಸ ಮಾಡುವಾಗ ಹೊತ್ತು ಹೋದದ್ದು ತಿಳಿಯಲಿಲ್ಲ? ಅದು ಮುಗಿದ ಮೇಲೂ ಮನಸ್ಸಿನಲ್ಲಿ ಅದರ ಸವಿ ಉಳಿಯಿತೇ, ಅಥವಾ ತಲೆ ಭಾರವಾಯಿತೇ? ಎರಡು ಗಂಟೆ ಮೊಬೈಲ್ ನೋಡಿದಾಗಲೂ ಹೊತ್ತು ಹೋದದ್ದು ತಿಳಿಯುವುದಿಲ್ಲ. ಆದರೆ ಆಮೇಲಿನ ರುಚಿ ಬೇರೆ, ಅದು ನಿಮಗೇ ಗೊತ್ತು. ಯಾರ ಜೊತೆ ಇದ್ದಾಗ ನಾನು ನಟಿಸಬೇಕಾಗಿ ಬರಲಿಲ್ಲ? ನನ್ನಿಂದ ಯಾರ ಭಾರ ಸ್ವಲ್ಪ ಕಡಿಮೆಯಾಯಿತು? ಒಂದು ನೋಟ್‌ಪುಸ್ತಕದಲ್ಲಿ ಎರಡು ಸಾಲು ಬರೆದಿಡಿ. ಆರು ತಿಂಗಳ ಮೇಲೆ ತಿರುಗಿಸಿ ನೋಡಿದರೆ ಒಂದೇ ಮಾತು ಹತ್ತಾರು ಕಡೆ ಕಾಣಿಸುತ್ತದೆ. ಅದನ್ನು ಪ್ರಾರ್ಥನೆಯಲ್ಲಿ ದೇವರ ಮುಂದಿಡಿ. (ತಾಯಂದಿರೇ, ದಯವಿಟ್ಟು ಆ ನೋಟ್‌ಪುಸ್ತಕವನ್ನು ಕದ್ದು ಓದಬೇಡಿ.)

ಕೊನೆಯ ಪ್ರಶ್ನೆಯನ್ನು ಮಾತ್ರ ಬಿಡಬೇಡಿ. 2025ರಲ್ಲಿ ದೈವಾಧೀನರಾದ ಪರಮ ಜಗದ್ಗುರು ಫ್ರಾನ್ಸಿಸ್‌ರವರು 2019ರಲ್ಲಿ ಯುವಜನರಿಗಾಗಿ 'ಕ್ರಿಸ್ತುಸ್ ವಿವಿತ್' ಎಂಬ ಪ್ರಬೋಧನಾ ಪತ್ರವನ್ನು ಬರೆದರು. ನಾನು ಯಾರು ಎಂದು ಕೇಳಿಕೊಳ್ಳುತ್ತಲೇ ಎಷ್ಟೋ ಜನರ ಆಯುಷ್ಯ ಮುಗಿದುಹೋಗುತ್ತದೆ, ಅದರ ಬದಲು ನಾನು ಯಾರಿಗಾಗಿ ಇದ್ದೇನೆ ಎಂದು ಕೇಳಿಕೊಳ್ಳಿ ಎಂಬುದು ಅಲ್ಲಿ ಅವರು ಕೊಟ್ಟ ಸಲಹೆ. ತನ್ನ ಇಷ್ಟವನ್ನು ಮಾತ್ರ ಹುಡುಕಿಕೊಂಡು ಹೊರಟವನಿಗೆ ಇಷ್ಟಗಳು ಸಿಗುತ್ತವೆ, ತಾನು ಸಿಗುವುದಿಲ್ಲ. ಆ ಹುಡುಗನಿಗೆ ತಾಮ್ರದ ತಂತಿ ಇಷ್ಟವಾದದ್ದು ನಿಜ. ಆದರೆ ಒಬ್ಬ ರೈತನ ಪಂಪ್‌ಸೆಟ್ ಮತ್ತೆ ನೀರೆತ್ತಿದ ದಿನ ಅವನು ನನಗೆ ಫೋನ್ ಮಾಡಿ ಹೇಳಿದ.

ಇಷ್ಟು ಹೇಳಿದ ಮೇಲೆ ಕೆಲವು ಮಕ್ಕಳು, "ಫಾದರೇ ಹೇಳಿದ್ದಾರೆ, ಓದಬೇಕಾಗಿಲ್ಲ" ಎಂದು ಮನೆಗೆ ಹೋಗಿ ಹೇಳುವ ಅಪಾಯವಿದೆ. ಹಾಗೆ ಹೇಳಲಿಲ್ಲ. ಇಗ್ನಾಸಿಯವರು ತಮ್ಮ ದಾರಿ ತಿಳಿದ ಮೇಲೆ, 33ನೆಯ ವಯಸ್ಸಿನಲ್ಲಿ, ಬಾರ್ಸಿಲೋನಾದಲ್ಲಿ ಎಳೆಯರು ಕಲಿಯುವ ಲತೀನ್ ವ್ಯಾಕರಣವನ್ನು ಮೊದಲಿನಿಂದ ಕಲಿತರು. ನಮ್ಮ ಧರ್ಮಕೇಂದ್ರದ ಗುರುಗಳೆಲ್ಲರ ಪಾಲಕರಾದ ಸಂತ ಜಾನ್ ಮರಿಯ ವಿಯಾನ್ನಿಯವರಿಗೆ ಅದೇ ಲತೀನ್ ತಲೆಗೆ ಹತ್ತಲೇ ಇಲ್ಲ. ಲಿಯೋನ್ ನಗರದ ಗುರುಮಠದಿಂದ ಅವರನ್ನು ಹಿಂದಕ್ಕೆ ಕಳುಹಿಸಿದರು. ಎಕ್ಯುಲ್ಲಿ ಎಂಬ ಊರಿನ ಧರ್ಮಗುರು ಬಾಲೆಯವರು ಅವರನ್ನು ತಮ್ಮ ಬಳಿಯೇ ಇಟ್ಟುಕೊಂಡು, ಗೊತ್ತಿರುವ ಭಾಷೆಯಲ್ಲಿ ತಾಳ್ಮೆಯಿಂದ ಮತ್ತೆ ಮತ್ತೆ ಹೇಳಿಕೊಟ್ಟರು. 1815ರಲ್ಲಿ ವಿಯಾನ್ನಿಯವರು ಗುರುದೀಕ್ಷೆ ಪಡೆದರು. 1818ರಲ್ಲಿ ಆರ್ಸ್ ಎಂಬ ಸಣ್ಣ ಹಳ್ಳಿಗೆ ಹೋದರು. ಕೊನೆಗೆ ಫ್ರಾನ್ಸಿನ ಮೂಲೆಮೂಲೆಯಿಂದ ಜನ ಆ ಹಳ್ಳಿಗೆ ಪಾಪನಿವೇದನೆಗೆಂದು ಬರತೊಡಗಿದರು. ನಾನು ಈ ಕಥೆಯನ್ನು ಓದುವಾಗಲೆಲ್ಲ ವಿಯಾನ್ನಿಯವರಿಗಿಂತ ಬಾಲೆಯವರ ಬಗ್ಗೆಯೇ ಹೆಚ್ಚು ಯೋಚಿಸುತ್ತೇನೆ. ಪರೀಕ್ಷಕರು ಕಂಡದ್ದು ಬಾರದ ಲತೀನ್. ಒಂದೇ ಸೂರಿನಡಿ ಇದ್ದು, ಜೊತೆಯಲ್ಲಿ ಪ್ರಾರ್ಥಿಸಿದ ಬಾಲೆಯವರು ಕಂಡದ್ದು ಒಬ್ಬ ಮನುಷ್ಯನನ್ನು. ಹಾಗೆಂದು ಪಾಠ ಬೇಡವೆನ್ನಲಿಲ್ಲ. ಇನ್ನೂ ಹೆಚ್ಚು ಹೊತ್ತು ಪಾಠ ಹೇಳಿದರು.

ಮತ್ತೆ ಶುಭಸಂದೇಶಕ್ಕೆ ಬರೋಣ. ಮಗ ಸಿಕ್ಕಾಗ ತಾಯಿ ನೊಂದು ಪ್ರಶ್ನಿಸಿದರು. ನಾವೂ ಪ್ರಶ್ನಿಸುತ್ತೇವೆ. ಅವನು ಕೊಟ್ಟ ಉತ್ತರ ಅವರಿಗೆ ಅರ್ಥವಾಗಲಿಲ್ಲ ಎಂದು ಲೂಕರು ಮುಚ್ಚುಮರೆಯಿಲ್ಲದೆ ಬರೆದಿದ್ದಾರೆ. ದೇವಮಾತೆಗೇ ತನ್ನ ಮಗ ಅರ್ಥವಾಗದ ದಿನವೊಂದಿತ್ತು! ನನಗೆ ಇದರಲ್ಲಿ ದೊಡ್ಡ ಸಾಂತ್ವನ ಕಾಣುತ್ತದೆ. ಅರ್ಥವಾಗದ್ದನ್ನು ಅವರು ಬಂಧುಗಳ ಮುಂದೆ ಹೇಳಿಕೊಂಡು ತಿರುಗಲಿಲ್ಲ, ಪಕ್ಕದ ಮನೆಯ ಹುಡುಗನ ಜೊತೆ ಹೋಲಿಸಲಿಲ್ಲ. ಹೃದಯದಲ್ಲಿಟ್ಟುಕೊಂಡು ಕಾದರು. ಆಮೇಲೆ ನಜರೇತಿನಲ್ಲಿ ಸುಮಾರು ಹದಿನೆಂಟು ವರ್ಷ. ಮಗ ತಂದೆತಾಯಿಗೆ ವಿಧೇಯನಾಗಿದ್ದ, ಜ್ಞಾನದಲ್ಲಿಯೂ ದೇಹದಲ್ಲಿಯೂ ದೇವರ ಮತ್ತು ಜನರ ಪ್ರೀತಿಯಲ್ಲಿಯೂ ಬೆಳೆದ ಎಂಬುದರ ಹೊರತು ಶುಭಸಂದೇಶ ಏನನ್ನೂ ಹೇಳುವುದಿಲ್ಲ. ಹದಿನೆಂಟು ವರ್ಷಕ್ಕೆ ಅಷ್ಟೇ ಮಾತು. ಮರದ ಹೊಟ್ಟು, ಉಳಿಯ ಸದ್ದು, ಸಬ್ಬತ್ತಿನ ಪ್ರಾರ್ಥನೆ. ಯಾರೂ ನೋಡದಿದ್ದಾಗ ನಡೆದ ಬೆಳವಣಿಗೆ ಅದು. ಜೋಸೆಫರು ಆ ಮಗನಿಗೆ ತಮ್ಮ ಕೆಲಸವನ್ನು ಕಲಿಸಿದರು, ಆದರೆ ಅವನು ಕೊನೆಯವರೆಗೂ ಬಡಗಿಯಾಗಿಯೇ ಇರಬೇಕೆಂದು ಹಿಡಿದು ಕೂರಲಿಲ್ಲ.

ಪ್ರಿಯ ತಂದೆತಾಯಿಗಳೇ, ಇನ್ನು ಎರಡು ಮೂರು ತಿಂಗಳಲ್ಲಿ ಪರೀಕ್ಷೆಗಳು ಬರುತ್ತವೆ. ಓದು ಎಂದು ಹೇಳಿ, ಹೇಳಲೇಬೇಕು. ಆದರೆ ವಾರದಲ್ಲಿ ಒಂದು ಸಂಜೆ ಜಪಸರ ಮುಗಿದ ಮೇಲೆ ಓದಿನ ಸುದ್ದಿ ಎತ್ತದೆ ಮಗುವಿನ ಜೊತೆ ಅರ್ಧ ಗಂಟೆ ಕುಳಿತುಕೊಳ್ಳಿ. ಮೊದಲ ವಾರ ಇಬ್ಬರಿಗೂ ಮುಜುಗರವಾಗುತ್ತದೆ. ಎರಡನೆಯ ವಾರವೂ ಆಗಬಹುದು. ಮಗು ಮಾಡುವ ಕೆಲಸವನ್ನು ಪಕ್ಕದಲ್ಲಿ ಕುಳಿತು ನೋಡಿ. ನಿಮ್ಮ ಬಾಲ್ಯದ ಒಂದು ಸೋಲನ್ನು ಹೇಳಿ, ಗೆಲುವನ್ನಲ್ಲ. ಅವುಗಳನ್ನು ಮಕ್ಕಳು ಈಗಾಗಲೇ ಬೇಕಾದಷ್ಟು ಸಲ ಕೇಳಿದ್ದಾರೆ.

ನಮ್ಮ ಧರ್ಮಕೇಂದ್ರದ ಪುರಸ್ಕಾರವನ್ನು ನಿಲ್ಲಿಸುವುದಿಲ್ಲ, ಚೆನ್ನಾಗಿ ಓದಿದ ಮಕ್ಕಳ ಶ್ರಮಕ್ಕೂ ಗೌರವ ಸಲ್ಲಬೇಕು. ಆದರೆ ಈ ಬಾರಿ ಹತ್ತನೆಯ ತರಗತಿ ಮುಗಿಸಿದ ಎಲ್ಲ ಮಕ್ಕಳನ್ನೂ ಕರೆಯುತ್ತೇವೆ. ಅಂಕಗಳನ್ನು ಮೈಕಿನಲ್ಲಿ ಓದುವುದಿಲ್ಲ. ಪ್ರತಿಯೊಬ್ಬರ ಬಗ್ಗೆಯೂ ಅವರ ತಂದೆ ಅಥವಾ ತಾಯಿ ಒಂದು ವಾಕ್ಯ ಬರೆದುಕೊಡಬೇಕು, ಅಂಕಪಟ್ಟಿಯಲ್ಲಿ ಇಲ್ಲದ ಯಾವುದಾದರೂ ಒಂದು ಸತ್ಯ. ಅದನ್ನು ಓದುತ್ತೇನೆ. ಬರೆಯಲು ಜೂನ್‌ವರೆಗೆ ಸಮಯವಿದೆ. ಏನು ಬರೆಯುವುದೆಂದು ತೋಚದಿದ್ದವರು ಇಂದಿನಿಂದಲೇ ಹುಡುಕಲು ಶುರುಮಾಡಿ.

ಈಗ ವಿಶ್ವಾಸ ಸಂಗ್ರಹದ ನಂತರ ಕುಟುಂಬಗಳ ಆಶೀರ್ವಾದವಿದೆ. ಮಕ್ಕಳು ಮುಂದಿನ ಸಾಲಿನಿಂದ ಎದ್ದು ತಮ್ಮ ತಂದೆತಾಯಿಗಳ ಬಳಿಗೆ ಹೋಗಲಿ. ತಂದೆತಾಯಿ ಬಾರದಿರುವ ಮಕ್ಕಳು, ತಂದೆತಾಯಿ ಇಲ್ಲದ ಮಕ್ಕಳು ನನ್ನ ಹತ್ತಿರ ಬನ್ನಿ. ಮಗುವಿನ ಹಣೆಯ ಮೇಲೆ ಶಿಲುಬೆಯ ಗುರುತು ಹಾಕುವಾಗ ಏನನ್ನೂ ಹೇಳಬೇಡಿ, ಚೆನ್ನಾಗಿ ಓದು ಎಂದು ಸಹ. ಸ್ವಲ್ಪ ಹೊತ್ತು ಮುಖ ನೋಡಿ.